ಬೈಬಲ್‌ನಲ್ಲಿ ಪವಿತ್ರ ಸ್ಥಳವನ್ನು ಓದುವುದು ಹೇಗೆ? ಬೇತೇಲ್ ಎಂಬ ಊರನ್ನು ಹಿಡಿದು ಒಂದೊಂದೇ ಹೆಜ್ಜೆ

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ದೇವರು ಎಲ್ಲ ಕಡೆ ಇದ್ದಾನೆ ಅಂದಮೇಲೆ ಯೆರೂಸಲೇಮಿಗೆ ಯಾಕೆ ಅಷ್ಟು ಮಹತ್ವ?" ಅಂತ ಒಬ್ಬರು ಕೇಳುತ್ತಾರೆ. "ನಮ್ಮ ಸಭೆಯ ಹೆಸರು ಬೇತೇಲ್. ಅದೇ ಹೆಸರಿನ ಊರನ್ನು ಪ್ರವಾದಿಗಳು ಯಾಕೆ ಅಷ್ಟು ಕಟುವಾಗಿ ಬೈದರು?" ಅಂತ ಇನ್ನೊಬ್ಬರು. ಬಿ.ಡಿ. (ದೈವಶಾಸ್ತ್ರದ ಪದವಿ) ಓದುವ ಮಕ್ಕಳದು ಬೇರೆ ಚಿಂತೆ: "ಪವಿತ್ರ ಸ್ಥಳದ ಬಗ್ಗೆ ಪ್ರಬಂಧ ಬರೀಬೇಕು, ಎಲ್ಲಿಂದ ಶುರು ಮಾಡಲಿ?"

ಮೂವರಿಗೂ ನಾನು ಹೇಳುವುದು ಒಂದೇ ದಾರಿ. ವಿಷಯವನ್ನು ಇಡಿಯಾಗಿ ಹಿಡಿಯಲು ಹೋಗಬೇಡಿ. ಒಂದು ಊರನ್ನು ಹಿಡಿಯಿರಿ. ಬೈಬಲ್‌ನಲ್ಲಿ ಅದು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅದರ ಹಿಂದೆ ಹೋಗಿ. ಪ್ರತಿ ಸಲವೂ ಕೇಳಿ: ಇದು ಪವಿತ್ರ ಅಂತ ಹೇಳುತ್ತಿರುವವರು ಯಾರು? ಯಾವಾಗ? ಒಳಗೆ ಯಾರನ್ನು ಬಿಟ್ಟರು, ಹೊರಗೆ ಯಾರನ್ನು ನಿಲ್ಲಿಸಿದರು? ಈ ಲೇಖನದಲ್ಲಿ ಬೇತೇಲನ್ನೇ ಹಿಡಿದು ಹೋಗೋಣ. ಕಲಿಯಲು ಅದಕ್ಕಿಂತ ಒಳ್ಳೆಯ ಊರು ನನಗಂತೂ ಸಿಕ್ಕಿಲ್ಲ.

ಏನೇನು ಬೇಕು?

ಎರಡು ಕನ್ನಡ ಅನುವಾದ ಇಟ್ಟುಕೊಳ್ಳಿ. ಒಂದು ಹಳೆಯ ಸತ್ಯವೇದ, ಇನ್ನೊಂದು ಈಚಿನ ಸರಳ ಅನುವಾದ. ಎರಡೂ ಒಂದೇ ಮಾತನ್ನು ಬೇರೆ ಬೇರೆ ಪದದಲ್ಲಿ ಹೇಳಿದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಕೆಲಸ ಇರುವುದು ಅಲ್ಲೇ. ಹೀಬ್ರೂ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ. ಪ್ರತಿ ಹೀಬ್ರೂ ಪದದ ಕೆಳಗೆ ಅರ್ಥ ಬರೆದಿರುವ ಪದಶಃ ಬೈಬಲ್‌ಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಜೊತೆಗೆ ಒಂದು ಭೂಪಟ, ಒಂದು ನೋಟ್‌ಬುಕ್ಕು. ದಿನಕ್ಕೆ ಒಂದು ಗಂಟೆ ಕೂತರೆ ಎರಡು ಮೂರು ವಾರ ಹಿಡಿಯುತ್ತದೆ. ಅವಸರ ಬೇಡ.

1. ಮೊದಲು ಪಟ್ಟಿ ಮಾಡಿ

ಬೇತೇಲ್ (ಅಂದರೆ 'ದೇವರ ಮನೆ') ಎಂಬ ಹೆಸರು ಹಳೆಯ ಒಡಂಬಡಿಕೆಯಲ್ಲಿ ಸುಮಾರು 70 ಸಲ ಬರುತ್ತದೆ. ಅಷ್ಟನ್ನೂ ಬರೆದುಕೊಳ್ಳಿ. ಮುಖ್ಯವಾದವು ಇವು: ಅಬ್ರಾಮ ಬೇತೇಲಿಗೂ ಆಯಿಗೂ ನಡುವೆ ಬಲಿಪೀಠ ಕಟ್ಟಿದ್ದು (ಆದಿಕಾಂಡ 12:8), ಯಾಕೋಬನ ಕನಸು (28:10-22), ಅವನು ತಿರುಗಿ ಬಂದದ್ದು (35:1-15), ಮಂಜೂಷ, ಅಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆ, ಅಲ್ಲಿದ್ದ ಕಾಲ (ನ್ಯಾಯಸ್ಥಾಪಕರು 20:26-28), ಯಾರೊಬ್ಬಾಮನ ಚಿನ್ನದ ಕರು (1 ಅರಸುಗಳು 12:26-33), ಆಮೋಸನಿಗೂ ಅಮಚ್ಯನಿಗೂ ನಡೆದ ಜಗಳ (ಆಮೋಸ 7:10-17), ಯೋಷೀಯ ಅದನ್ನು ಕೆಡವಿದ್ದು (2 ಅರಸುಗಳು 23:15-18).

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಪಟ್ಟಿ ಮಾಡುವಾಗ ನಮಗೆ ಇಷ್ಟವಾದ ವಚನಗಳನ್ನಷ್ಟೇ ಆರಿಸಿಕೊಳ್ಳುತ್ತೇವೆ. ಯಾಕೋಬನ ಕನಸು ಬೇಕು, ಆಮೋಸನ ಬೈಗುಳ ಬೇಡ. ಹಾಗೆ ಮಾಡಿದರೆ ಆ ಊರಿನ ಅರ್ಧ ಕಥೆ ಕೈಬಿಟ್ಟು ಹೋಗುತ್ತದೆ.

2. ಪದಗಳನ್ನು ಬಿಡಿಸಿಕೊಳ್ಳಿ

'ಪವಿತ್ರ ಸ್ಥಳ' ಅಂತ ನಾವು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಹೀಬ್ರೂವಿನಲ್ಲಿ ಹಲವು ಪದಗಳಿವೆ. ಕೆಲವನ್ನಾದರೂ ತಿಳಿದಿರಬೇಕು.

ಮಾಕೋಮ್ ಅಂದರೆ ಸುಮ್ನೆ 'ಜಾಗ'. ಯಾವ ಜಾಗವೂ ಆಗಬಹುದು. ಆದರೆ ಕೆಲವು ಕಡೆ ಅದೇ ಪದ 'ಪೂಜೆಯ ಜಾಗ' ಅನ್ನುವ ಅರ್ಥಕ್ಕೆ ತಿರುಗುತ್ತದೆ. ಕೋದೆಶ್ ಅಂದರೆ ಪವಿತ್ರತೆ, ದೇವರಿಗೆಂದು ಬೇರೆ ಇಟ್ಟದ್ದು. ಮಿಕ್ದಾಶ್ ಅದೇ ಬೇರಿನಿಂದ ಬಂದದ್ದು, ಪವಿತ್ರಾಲಯ. ಬಾಮಾ ಅಂದರೆ ಊರೂರಿನಲ್ಲಿದ್ದ, ಸಾಮಾನ್ಯವಾಗಿ ದಿಬ್ಬದ ಮೇಲಿನ ಪೂಜಾಸ್ಥಳ. ಮಚ್ಚೇಬಾ ಅಂದರೆ ನಿಲ್ಲಿಸಿದ ಕಲ್ಲು. ಮಿಶ್ಕಾನ್ ಅಂದರೆ ವಾಸಸ್ಥಾನ, ಅರಣ್ಯದಲ್ಲಿ ಹೊತ್ತು ತಿರುಗಿದ ಗುಡಾರಕ್ಕೆ ಬಳಸುವ ಪದ.

ಯಾಜಕಕಾಂಡ 10:10ನ್ನು ತೆಗೆದು ನೋಡಿ. ಅಲ್ಲಿ ನಾಲ್ಕು ಪದ ಎರಡು ಜೋಡಿಯಾಗಿ ಬರುತ್ತವೆ: ಪವಿತ್ರ ಮತ್ತು ಸಾಮಾನ್ಯ, ಶುದ್ಧ ಮತ್ತು ಅಶುದ್ಧ. ನಾವು ಕನ್ನಡದವರು ಇಲ್ಲಿ ತಪ್ಪು ಮಾಡುವುದು ಜಾಸ್ತಿ. ಮಡಿ-ಮೈಲಿಗೆ ಅನ್ನುವ ಮಾತು ನಮ್ಮ ಬಾಯಲ್ಲೇ ಇರುವುದರಿಂದ ನಾಲ್ಕನ್ನೂ ಅದರೊಳಗೇ ತುಂಬಿಬಿಡುತ್ತೇವೆ. ಮಡಿ-ಮೈಲಿಗೆಗೆ ಹತ್ತಿರವಿರುವುದು ಎರಡನೇ ಜೋಡಿ ಮಾತ್ರ. ಮೊದಲನೇ ಜೋಡಿಯ 'ಸಾಮಾನ್ಯ' ಅನ್ನುವುದರಲ್ಲಿ ಕೊಳಕೇನೂ ಇಲ್ಲ. ಹೊಲ, ಮನೆ, ಅಡುಗೆ, ವಾರದ ಆರು ದಿನ, ಎಲ್ಲವೂ ಸಾಮಾನ್ಯವೇ. ಅಶುದ್ಧ ಆಗುವುದೂ ಪಾಪವೆಂದೇನಲ್ಲ. ಹೆರಿಗೆಯಾದ ತಾಯಿ, ತಂದೆಯ ಶವವನ್ನು ಮುಟ್ಟಿದ ಮಗ, ಇಬ್ಬರೂ ಸ್ವಲ್ಪ ಕಾಲ ಅಶುದ್ಧರು. ಅವರು ಮಾಡಿದ ತಪ್ಪೇನೂ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಐದನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಬೈಬಲ್ ತೆರೆದರೆ ಮೊಟ್ಟಮೊದಲು ದೇವರು ಪವಿತ್ರ ಮಾಡುವುದು ಯಾವ ಬೆಟ್ಟವನ್ನೂ ಅಲ್ಲ, ನದಿಯನ್ನೂ ಅಲ್ಲ. ಒಂದು ದಿನವನ್ನು (ಆದಿಕಾಂಡ 2:3). ನೆಲವನ್ನು ಪವಿತ್ರ ಅಂತ ಕರೆಯುವ ಮಾತು ಕೇಳಲು ಮೋಶೆ ಉರಿಯುವ ಪೊದೆಯ ಮುಂದೆ ಚಪ್ಪಲಿ ಬಿಡುವವರೆಗೂ ಕಾಯಬೇಕು (ವಿಮೋಚನಕಾಂಡ 3:5).

3. ಒಂದು ಭಾಗವನ್ನು ನಿಧಾನವಾಗಿ ಓದಿ

ಈಗ ಆದಿಕಾಂಡ 28:10-22. ಈ ಹೆಜ್ಜೆಗೆ ನಾಲ್ಕೈದು ದಿನವಾದರೂ ಕೊಡಿ.

ಮೊದಲು ಎಣಿಸಿ. 11ರಿಂದ 19ನೇ ವಚನದೊಳಗೆ ಹೀಬ್ರೂವಿನಲ್ಲಿ ಮಾಕೋಮ್ ಆರು ಸಲ ಬರುತ್ತದೆ. 11ನೇ ವಚನ ಒಂದರಲ್ಲೇ ಮೂರು ಸಲ: ಯಾಕೋಬ ಆ ಜಾಗಕ್ಕೆ ಬಂದ, ಆ ಜಾಗದ ಕಲ್ಲೊಂದನ್ನು ತೆಗೆದುಕೊಂಡ, ಆ ಜಾಗದಲ್ಲಿ ಮಲಗಿದ. ಓದಲು ಸುಲಭವಾಗಲಿ ಅಂತ ಅನುವಾದಕರು ಕೆಲವನ್ನು 'ಅಲ್ಲಿ' ಅಂತ ಮಾಡಿಬಿಡುವುದುಂಟು. ಹಾಗಾಗಿ ಮೂಲವನ್ನು ನೋಡಿಯೇ ಎಣಿಸಬೇಕು. ಊರಿನ ಹೆಸರನ್ನು ಕಥೆ 19ನೇ ವಚನದವರೆಗೂ ಬಾಯಿಬಿಡುವುದಿಲ್ಲ. ಅಲ್ಲಿಯವರೆಗೆ ಬರೀ 'ಜಾಗ, ಜಾಗ, ಜಾಗ'.

ಈಗ ಕ್ರಿಯಾಪದ ನೋಡಿ. ಯಾಕೋಬ ಆ ಜಾಗಕ್ಕೆ 'ಬಂದ' ಅನ್ನುವಲ್ಲಿ ಹೀಬ್ರೂವಿನಲ್ಲಿರುವುದು 'ಎದುರಾಯಿತು, ತಾಕಿದ' ಅನ್ನುವ ಅರ್ಥದ ಪದ. ಅವನು ಹರಕೆ ಹೊತ್ತು ಬಂದವನಲ್ಲ. ಅಣ್ಣನ ಕೋಪಕ್ಕೆ ಹೆದರಿ ಓಡುತ್ತಿದ್ದ. ಹೊತ್ತು ಮುಳುಗಿತು, ಅದಕ್ಕೇ ನಿಂತ. ಅಷ್ಟೇ ಕಾರಣ.

ಕನಸಿನಲ್ಲಿ ಅವನು ಕಂಡದ್ದು ಏಣಿಯೇ? ಮೂಲದಲ್ಲಿರುವ ಸುಲ್ಲಾಮ್ ಎಂಬ ಪದ ಇಡೀ ಹೀಬ್ರೂ ಬೈಬಲ್‌ನಲ್ಲಿ ಬರುವುದು ಇದೊಂದೇ ಕಡೆ. 'ರಾಶಿ ಹಾಕಿ ಎತ್ತರಿಸು' ಅನ್ನುವ ಅರ್ಥದ ಧಾತುವಿನ ಜೊತೆ ಅದನ್ನು ಜೋಡಿಸುವವರು ಮೆಟ್ಟಿಲು ಅಂತ ಓದುತ್ತಾರೆ. ಮೆಸೊಪೊಟೇಮಿಯದ ಮೆಟ್ಟಿಲುಗೋಪುರಗಳನ್ನು, ಅಂದರೆ ಜಿಗ್ಗುರಾಟ್‌ಗಳನ್ನು ನೆನಪಿಸಿಕೊಳ್ಳಿ. ಇಳಿಯುವ ಹತ್ತುವ ದೂತರಿಗೆ ಮರದ ಏಣಿಗಿಂತ ಅಂಥ ಅಗಲವಾದ ಮೆಟ್ಟಿಲೇ ಹೊಂದುತ್ತದೆ, ಅಲ್ವಾ?

ಇಲ್ಲಿಂದ ಒಂದು ಎಳೆ ಹಿಂದಕ್ಕೆ, ಆದಿಕಾಂಡ 11ಕ್ಕೆ ಹೋಗುತ್ತದೆ. ಬಾಬೆಲಿನ ಗೋಪುರದ ತುದಿ ಆಕಾಶ ಮುಟ್ಟಬೇಕು ಅಂತ ಜನ ಆಸೆಪಟ್ಟರು. ಯಾಕೋಬನ ಮೆಟ್ಟಿಲಿನ ತುದಿಯೂ ಆಕಾಶ ಮುಟ್ಟಿದೆ. ಎರಡೂ ಕಡೆ ಹೀಬ್ರೂ ಮಾತು ಹತ್ತಿರ ಹತ್ತಿರ ಒಂದೇ. ಬಾಬಿಲೋನಿನವರು ತಮ್ಮ ಊರಿನ ಹೆಸರಿಗೆ 'ದೇವರ ಬಾಗಿಲು' ಅಂತ ಅರ್ಥ ಹೇಳುತ್ತಿದ್ದರು. ಯಾಕೋಬ ಎದ್ದು ಹೇಳುವುದೇನು? ಇದು ದೇವರ ಮನೆ, ಇದು ಪರಲೋಕದ ಬಾಗಿಲು ಅಂತ. ಅಲ್ಲಿ ಇಟ್ಟಿಗೆ ಸುಟ್ಟು ಊರಿಗೆ ಊರೇ ದುಡಿದರೂ ಆಗದ ಕೆಲಸ, ಇಲ್ಲಿ ತಲೆದಿಂಬಿಗೆ ಕಲ್ಲಿಟ್ಟು ಮಲಗಿದವನ ಪಕ್ಕದಲ್ಲಿ ಆಗಿಹೋಯಿತು. ಹೇಳುವವನು ಯಾವುದಕ್ಕೆ ಉತ್ತರ ಕೊಡುತ್ತಿದ್ದಾನೆ ಅನ್ನುವುದು ನನಗೆ ಇಲ್ಲಿ ಚೆನ್ನಾಗಿ ಕೇಳಿಸುತ್ತದೆ.

13ನೇ ವಚನದಲ್ಲಿ ಯೆಹೋವನು ನಿಂತದ್ದು ಎಲ್ಲಿ? ಮೂಲದಲ್ಲಿ 'ಆಲಾವ್' ಅಂತಿದೆ. 'ಅದರ ಮೇಲೆ' ಅಂತಲೂ ಆಗುತ್ತದೆ, 'ಅವನ ಬಳಿ' ಅಂತಲೂ ಆಗುತ್ತದೆ. ಮೆಟ್ಟಿಲಿನ ತುದಿಯಲ್ಲೋ, ಯಾಕೋಬನ ಪಕ್ಕದಲ್ಲೋ? ನಿಮ್ಮ ಎರಡು ಅನುವಾದಗಳು ಯಾವುದನ್ನು ಆರಿಸಿವೆ ಅಂತ ನೋಡಿ ಬರೆದುಕೊಳ್ಳಿ.

15ನೇ ವಚನಕ್ಕೆ ಬಂದಾಗ ಮಾತ್ರ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಯೋಚಿಸಿ. ನೀನು ಎಲ್ಲಿಗೆ ಹೋದರೂ ನಾನು ನಿನ್ನ ಸಂಗಡ ಇರುತ್ತೇನೆ ಅಂತ ದೇವರು ಹೇಳುತ್ತಾನೆ. ಯಾಕೋಬ ಎದ್ದು 'ಈ ಜಾಗ'ದ ಬಗ್ಗೆ ನಡುಗುತ್ತಾನೆ, ಕಲ್ಲು ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. ದೇವರ ಮಾತು 'ಎಲ್ಲಿಗೆ ಹೋದರೂ', ಯಾಕೋಬನ ಮಾತು 'ಇಲ್ಲೇ'. ಎರಡೂ ಒಂದೇ ಕಥೆಯಲ್ಲಿವೆ, ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಪವಿತ್ರ ಸ್ಥಳದ ಬಗ್ಗೆ ಬೈಬಲ್‌ನಲ್ಲಿ ಮುಂದೆ ನಡೆಯುವ ವಾದವೆಲ್ಲ ಈ ಎರಡು ಮಾತಿನ ನಡುವೆಯೇ ಓಡಾಡುತ್ತದೆ ಅಂತ ನನ್ನ ಅಭಿಪ್ರಾಯ.

ಕೊನೆಯಲ್ಲಿ ಯಾಕೋಬ ಹತ್ತರಲ್ಲೊಂದು ಪಾಲು ಕೊಡುತ್ತೇನೆ ಅಂತ ಹರಕೆ ಮಾಡುತ್ತಾನೆ. ಆಮೋಸ 4:4ರಲ್ಲಿ ಜನ ಬೇತೇಲಿಗೆ ದಶಮಾಂಶ ತರುವ ಮಾತಿದೆ. ಅಂದರೆ ಆ ಆಲಯದಲ್ಲಿ ನಡೆಯುತ್ತಿದ್ದ ರೂಢಿಗೆ ಮೂಲ ಹೇಳುವ ಕೆಲಸವನ್ನೂ ಈ ಕಥೆ ಮಾಡುತ್ತದೆ. ನಮ್ಮಲ್ಲಿ ಸ್ಥಳಪುರಾಣ ಮಾಡುವ ಕೆಲಸವೇ ಇದು. ಹೋಲಿಕೆ ಉಪಯೋಗಕ್ಕೆ ಬರುತ್ತದೆ, ಆದರೆ ಪೂರ್ತಿ ಒಪ್ಪಿಸಿಬಿಡಬೇಡಿ. ಸ್ಥಳಪುರಾಣ ತನ್ನ ಕ್ಷೇತ್ರದ ಮಹಿಮೆ ಹೇಳಿ ನಿಲ್ಲುತ್ತದೆ. ಬೈಬಲ್‌ನಲ್ಲಿ ಬೇತೇಲಿನ ಮಹಿಮೆಯೂ ಇದೆ, ಅದೇ ರಟ್ಟಿನೊಳಗೆ ಅದರ ಖಂಡನೆಯೂ ಇದೆ.

4. ಭೂಪಟ ಬಿಡಿಸಿ

ಹೆಚ್ಚಿನ ವಿದ್ವಾಂಸರು ಬೇತೇಲ್ ಅಂದರೆ ಇಂದಿನ ಬೇತೀನ್ ಎಂಬ ಹಳ್ಳಿ ಅಂತ ಒಪ್ಪುತ್ತಾರೆ. ರಮಲ್ಲಾದ ಹತ್ತಿರ, ಯೆರೂಸಲೇಮಿನಿಂದ ಉತ್ತರಕ್ಕೆ ಸುಮಾರು 17 ಕಿ.ಮೀ. ಹೆಸರಿನ ಹೋಲಿಕೆ ಹಿಡಿದು 1838ರಲ್ಲಿ ಇದನ್ನು ಗುರುತಿಸಿದವರು ಎಡ್ವರ್ಡ್ ರಾಬಿನ್ಸನ್. ಬೆಟ್ಟಸಾಲಿನ ಮೇಲೆ ಉತ್ತರ-ದಕ್ಷಿಣವಾಗಿ ಸಾಗುವ ಹೆದ್ದಾರಿ ಅಲ್ಲೇ ಹಾದು ಹೋಗುತ್ತಿತ್ತು. ಹೀಗಾಗಿ ಉತ್ತರದಿಂದ ಯೆರೂಸಲೇಮಿಗೆ ನಡೆದು ಹೋಗುವ ಯಾತ್ರಿಕನಿಗೆ ದಾರಿಯಲ್ಲೇ ಬೇತೇಲ್ ಸಿಗುತ್ತದೆ. ಇದನ್ನು ಗಮನದಲ್ಲಿಟ್ಟು ಮುಂದೆ ಹೋಗಿ.

5. ಹೇಳುತ್ತಿರುವವರು ಯಾರು ಅಂತ ಕೇಳಿ

ಸೊಲೊಮೋನ ಸತ್ತ ಮೇಲೆ, ಕ್ರಿ.ಪೂ. 930ರ ಸುಮಾರಿಗೆ, ರಾಜ್ಯ ಎರಡಾಯಿತು. ಉತ್ತರದ ಅರಸ ಯಾರೊಬ್ಬಾಮನಿಗೆ ಒಂದು ಭಯ. ಜನ ಹಬ್ಬಕ್ಕೆಂದು ಯೆರೂಸಲೇಮಿಗೆ ಹೋದರೆ ಅವರ ಮನಸ್ಸೂ ಅಲ್ಲಿನ ಅರಸನ ಕಡೆ ತಿರುಗುತ್ತದೆ. ಅದಕ್ಕೇ ಎರಡು ಚಿನ್ನದ ಕರು ಮಾಡಿಸಿದ. ಒಂದನ್ನು ಉತ್ತರದ ತುದಿಯಲ್ಲಿ ದಾನ್ ಎಂಬಲ್ಲಿ, ಇನ್ನೊಂದನ್ನು ದಕ್ಷಿಣದ ಗಡಿಯಲ್ಲಿ ಬೇತೇಲಿನಲ್ಲಿ ಇಟ್ಟ. ಭೂಪಟ ನೋಡಿದ್ದರೆ ಬೇತೇಲೇ ಯಾಕೆ ಅಂತ ಈಗ ಕೇಳಬೇಕಾಗಿಲ್ಲ.

ಆ ಕರು ಬೇರೆ ದೇವರೇ? 1 ಅರಸುಗಳು ಬರೆದವರು ಹಾಗೆಯೇ ತೋರಿಸುತ್ತಾರೆ. ಆದರೆ ಆ ಕಾಲದ ಅಕ್ಕಪಕ್ಕದ ನಾಡುಗಳಲ್ಲಿ ಹೋರಿಯ ಮೇಲೆ ನಿಂತ ದೇವರ ಚಿತ್ರಗಳು ಸಿಗುತ್ತವೆ. ಹಾಗಾಗಿ ಕರು ಕಣ್ಣಿಗೆ ಕಾಣದ ಯೆಹೋವನ ಪೀಠ ಆಗಿತ್ತು, ಯೆರೂಸಲೇಮಿನಲ್ಲಿ ಕೆರೂಬಿಗಳು (ರೆಕ್ಕೆಯಿರುವ ಜೀವಿಗಳ ಪ್ರತಿಮೆಗಳು) ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತಿತ್ತು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಅರಸುಗಳ ಪುಸ್ತಕ ದಕ್ಷಿಣದವರ ಕೈಯಲ್ಲಿ ರೂಪ ಪಡೆದದ್ದು. ಯೆರೂಸಲೇಮ್ ಒಂದೇ ಸರಿಯಾದ ಜಾಗ ಅನ್ನುವುದು ಅವರ ಗಟ್ಟಿ ನಂಬಿಕೆ. ಇದನ್ನು ತಿಳಿದು ಓದಿದರೆ ಪುಸ್ತಕಕ್ಕೆ ಅಗೌರವ ಆಗುವುದಿಲ್ಲ. ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಅನ್ನುವುದು ಗೊತ್ತಾಗುತ್ತದೆ.

ಈಗ ಎರಡು ಕಟ್ಟಳೆಗಳನ್ನು ಪಕ್ಕಪಕ್ಕ ಇಡಿ. ವಿಮೋಚನಕಾಂಡ 20:24ರಲ್ಲಿ ನನ್ನ ಹೆಸರನ್ನು ನೆನಪಿಸುವ ಎಲ್ಲ ಸ್ಥಳಗಳಲ್ಲೂ ನಾನು ಬಂದು ಆಶೀರ್ವದಿಸುವೆನು ಅನ್ನುವ ಅರ್ಥದ ಮಾತಿದೆ. ಧರ್ಮೋಪದೇಶಕಾಂಡ 12:13-14 ಕಂಡ ಕಂಡ ಜಾಗದಲ್ಲಿ ಬಲಿ ಕೊಡಬಾರದು, ಯೆಹೋವನು ಆರಿಸುವ ಒಂದೇ ಸ್ಥಳದಲ್ಲಿ ಕೊಡಬೇಕು ಅನ್ನುತ್ತದೆ. ಆ ಸ್ಥಳ ಯಾವುದು ಅಂತ ಹೆಸರು ಹೇಳುವುದಿಲ್ಲ. ಯೆರೂಸಲೇಮ್ ಅನ್ನುವ ಹೆಸರು ಮೋಶೆಯ ಐದು ಪುಸ್ತಕಗಳಲ್ಲಿ ಒಂದು ಸಲವೂ ಇಲ್ಲ. ನೀವೇ ಹುಡುಕಿ ನೋಡಿ. ಸಾಲೇಮ್ ಇದೆ, ಮೊರೀಯ ಇದೆ, ಯೆರೂಸಲೇಮ್ ಇಲ್ಲ. ಈ ಖಾಲಿ ಜಾಗದಲ್ಲೇ ಮುಂದೆ ಸಮಾರ್ಯರು ಗೆರಿಜ್ಜೀಮ್ ಬೆಟ್ಟವನ್ನು ಇಟ್ಟರು, ಯೆಹೂದ್ಯರು ಯೆರೂಸಲೇಮಿನ ಚೀಯೋನ್ ಬೆಟ್ಟವನ್ನು ಇಟ್ಟರು.

ಆಮೋಸನಿಗೆ ಬನ್ನಿ. ದಕ್ಷಿಣದ ತೆಕೋವದವನು. ಕ್ರಿ.ಪೂ. 8ನೇ ಶತಮಾನದ ಮಧ್ಯದಲ್ಲಿ ಗಡಿ ದಾಟಿ ಬೇತೇಲಿಗೆ ಬಂದು ಗದರುತ್ತಾನೆ. ಅಲ್ಲಿನ ಯಾಜಕ ಅಮಚ್ಯ ಅವನನ್ನು ಓಡಿಸುವಾಗ ಹೇಳುವ ಕಾರಣ ಕೇಳಿ: ಇದು ಅರಸನ ಪವಿತ್ರಾಲಯ, ರಾಜ್ಯದ ಆಲಯ (7:13). ದೇವರ ಮನೆ ಅಂತ ಹೆಸರಿರುವ ಊರಿನ ಯಾಜಕನ ಬಾಯಲ್ಲಿ ದೇವರ ಮಾತೇ ಇಲ್ಲ, ಅರಸನ ಮಾತು ಮಾತ್ರ ಇದೆ. ಆಮೋಸನ ತಕರಾರು ಇದರ ಬಗ್ಗೆಯೇ. ಬಡವರನ್ನು ತುಳಿದು ಬಂದವರು ಅಲ್ಲಿ ಬಲಿ ಅರ್ಪಿಸುತ್ತಿದ್ದರು. 5:5ರಲ್ಲಿ ಬೇತೇಲ್ 'ಆವೆನ್' ಆಗುತ್ತದೆ, ಅಂದರೆ ಶೂನ್ಯ, ಕೇಡು, ಅನ್ನುತ್ತಾನೆ. ಹೋಶೇಯ ಇನ್ನೂ ಮುಂದೆ ಹೋಗಿ ಊರಿನ ಹೆಸರನ್ನೇ ತಿರುಚಿ ಬೇತಾವೆನ್ ಅಂತ ಕರೆಯುತ್ತಾನೆ (4:15, 10:5). ದೇವರ ಮನೆ ಹೋಗಿ ಕೇಡಿನ ಮನೆ ಆಯಿತು.

ಕೊನೆಗೆ ಯೋಷೀಯ, ಯೆಹೂದದ ಅಂದರೆ ದಕ್ಷಿಣ ರಾಜ್ಯದ ಅರಸ. ಕ್ರಿ.ಪೂ. 622ರ ಸುಮಾರಿನ ಸುಧಾರಣೆಯಲ್ಲಿ ಅವನು ಬೇತೇಲಿನ ಬಲಿಪೀಠವನ್ನು ಕೆಡವಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಲ್ಲಿನ ಸಮಾಧಿಗಳಿಂದ ಎಲುಬು ತರಿಸಿ ಬಲಿಪೀಠದ ಮೇಲೆ ಸುಡಿಸಿದ (2 ಅರಸುಗಳು 23:16). ಎರಡನೇ ಹೆಜ್ಜೆಯಲ್ಲಿ ಶವದ ಅಶುದ್ಧತೆ ಅಂದೆವಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು. ಕಲ್ಲು ಕೆಡವಿದರೆ ಮತ್ತೆ ಕಟ್ಟಬಹುದು. ಮನುಷ್ಯರ ಎಲುಬು ಸುಟ್ಟ ಬಲಿಪೀಠದಲ್ಲಿ ಮತ್ತೆ ಬಲಿ ಕೊಡಲು ಯಾರು ಬರುತ್ತಾರೆ?

6. ಗಡಿ ಎಲ್ಲಿದೆ ಅಂತ ನೋಡಿ

ಪವಿತ್ರ ಸ್ಥಳ ಅಂದಕೂಡಲೇ ಅಲ್ಲೊಂದು ಗೆರೆ ಇರುತ್ತದೆ. ಗೆರೆ ಎಳೆದವರು ಯಾರು, ಆಚೆ ನಿಂತವರು ಯಾರು, ಗೆರೆ ಎಷ್ಟು ಕಾಲ ಇತ್ತು ಅಂತ ಕೇಳಬೇಕು.

ಸೀನಾಯಿ ಬೆಟ್ಟದ ಸುತ್ತ ಗಡಿ ಹಾಕಲಾಯಿತು, ಮುಟ್ಟಿದವನಿಗೆ ಮರಣ. ಆದರೆ ಕೊಂಬಿನ ಧ್ವನಿ ಕೇಳಿದ ಮೇಲೆ ಹತ್ತಬಹುದು (ವಿಮೋಚನಕಾಂಡ 19:12-13). ದೇವರು ಇಳಿದಿದ್ದಷ್ಟು ಹೊತ್ತು ಆ ಬೆಟ್ಟ ಪವಿತ್ರ. ಆಮೇಲೆ ಇಸ್ರಾಯೇಲರು ಅಲ್ಲಿಗೆ ವರ್ಷ ವರ್ಷ ಯಾತ್ರೆ ಹೋದದ್ದು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಪ್ರವಾದಿ ಎಲೀಯ ಒಬ್ಬ ಹೋರೇಬಿಗೆ, ಅಂದರೆ ಅದೇ ಸೀನಾಯಿಗೆ, ಹೋಗುತ್ತಾನೆ, ಅವನನ್ನೂ ದೇವರು 'ಇಲ್ಲೇನು ಮಾಡುತ್ತಿದ್ದೀ?' ಅಂತ ಕೇಳುತ್ತಾನೆ (1 ಅರಸುಗಳು 19:9).

ಯೆರೂಸಲೇಮಿನ ಆಲಯದ್ದು ಬೇರೆ ಬಗೆ. ಒಳಗೆ ಹೋದಂತೆ ಪವಿತ್ರತೆ ಏರುತ್ತದೆ, ಜನ ಕಡಿಮೆಯಾಗುತ್ತಾರೆ. ಸೊಲೊಮೋನನ ಆಲಯದ ತೀರಾ ಒಳಗಿನ ಕೋಣೆ 20 ಮೊಳ ಉದ್ದ, 20 ಅಗಲ, 20 ಎತ್ತರ. ಸರಿಯಾದ ಘನ. ಯಾಜಕಕಾಂಡ 16ರ ಪ್ರಕಾರ ಮಹಾಯಾಜಕ ಒಬ್ಬನೇ, ವರ್ಷದಲ್ಲಿ ಒಂದೇ ದಿನ ಅಂಥ ಕೋಣೆಗೆ ಹೋಗಬೇಕು. ನಮ್ಮ ಓದುಗರು ಇದನ್ನು ಗರ್ಭಗುಡಿ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಕಟ್ಟಡದ ವಿನ್ಯಾಸದ ಮಟ್ಟಿಗೆ ಅದು ಸರಿಯೇ. ಆದರೆ ಆ ಕತ್ತಲೆ ಕೋಣೆಯಲ್ಲಿ ದೇವರ ಮೂರ್ತಿ ಇಲ್ಲ. ಮಂಜೂಷ ಇದೆ, ಕೆರೂಬಿಗಳ ರೆಕ್ಕೆ ಇದೆ, ಮೇಲೆ ಖಾಲಿ. ಆ ಖಾಲಿಯನ್ನು ಬಿಟ್ಟು ಬರೆದರೆ ಪ್ರಬಂಧ ದಾರಿ ತಪ್ಪುತ್ತದೆ.

ಗಡಿಯನ್ನು ಕಣ್ಣಾರೆ ನೋಡಬೇಕು ಅಂದರೆ ಒಂದು ಕಲ್ಲಿದೆ. ಹೆರೋದನ ಕಾಲದ ಆಲಯದಲ್ಲಿ ಹೊರಗಿನ ಅಂಗಳದವರೆಗೆ ಯಾರು ಬೇಕಾದರೂ ಬರಬಹುದಿತ್ತು. ಆಮೇಲೆ ಒಂದು ಗಿಡ್ಡ ಗೋಡೆ, ಅದರಲ್ಲಿ ಅಲ್ಲಲ್ಲಿ ಎಚ್ಚರಿಕೆಯ ಕಲ್ಲು. ಅಂಥ ಒಂದು ಕಲ್ಲು ಪೂರ್ತಿಯಾಗಿ 1871ರಲ್ಲಿ ಸಿಕ್ಕಿತು. ಕಂಡುಹಿಡಿದವರು ಕ್ಲೆರ್ಮೊಂ-ಗಾನೊ ಎಂಬ ಫ್ರೆಂಚ್ ವಿದ್ವಾಂಸರು. ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಗ್ರೀಕ್ ಅಕ್ಷರದ ಏಳು ಸಾಲು. ಅದರ ಸಾರ ಇಷ್ಟು: ಪರದೇಶದವರು ಯಾರೂ ಈ ಗೋಡೆ ದಾಟಬಾರದು, ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ. ಇದನ್ನು ಓದಿ ಅಪೊಸ್ತಲರ ಕೃತ್ಯಗಳು 21:28-29 ತೆಗೆಯಿರಿ. ಯೆಹೂದ್ಯನಲ್ಲದ ಎಫೆಸದ ತ್ರೊಫಿಮನನ್ನು ಪೌಲ ಒಳಗೆ ಕರೆತಂದ ಅಂತ ಗದ್ದಲ ಎದ್ದದ್ದು, ಜನ ಪೌಲನನ್ನು ಕೊಲ್ಲಲು ಬಂದದ್ದು ಯಾಕೆ ಅಂತ ಆಗ ಅರ್ಥವಾಗುತ್ತದೆ. ಎಫೆಸ 2:14ರಲ್ಲಿ ಬರುವ ಅಡ್ಡಗೋಡೆ ಇದೇ ಇರಬಹುದು ಅಂತ ಓದುವವರಿದ್ದಾರೆ. ಹಾಗೇ ಅಂತ ಖಡಾಖಂಡಿತ ಬರೆಯಬೇಡಿ. ಆದರೆ ಎರಡನ್ನೂ ಒಟ್ಟಿಗೆ ಓದಿ.

7. ಮಣ್ಣು ಹೇಳುವುದನ್ನೂ ಕೇಳಿ

ಬೇತೀನ್‌ನಲ್ಲಿ 1934ರಲ್ಲಿ ಪುರಾತತ್ವಜ್ಞ ಆಲ್‌ಬ್ರೈಟ್ ಅಗೆದರು, ಆಮೇಲೂ ಅಗೆತ ನಡೆಯಿತು. ಇದೇ ಯಾರೊಬ್ಬಾಮನ ಆಲಯ ಅಂತ ಎಲ್ಲರೂ ಒಪ್ಪುವ ಕಟ್ಟಡ ಸಿಗಲಿಲ್ಲ. ದಾನ್‌ನಲ್ಲಿ ಮಾತ್ರ 1966ರಿಂದ ಅಗೆದ ಅವ್ರಹಾಮ್ ಬಿರಾನ್ ಅವರಿಗೆ ದೊಡ್ಡ ಪೂಜಾಕಟ್ಟೆ ಸಿಕ್ಕಿತು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ದಕ್ಷಿಣದ ತೇಲ್ ಅರಾದ್. ಯೆಹೂದದ ಗಡಿಯ ಒಂದು ಕೋಟೆಯೊಳಗೆ 1960ರ ದಶಕದಲ್ಲಿ ಸಣ್ಣ ಆಲಯವೊಂದು ಸಿಕ್ಕಿತು. ಅಂಗಳ, ಬಲಿಪೀಠ, ಒಳಗೆ ಚಿಕ್ಕ ಕೋಣೆ, ಅದರಲ್ಲಿ ನಿಲ್ಲಿಸಿದ ಕಲ್ಲು, ಬಾಗಿಲಲ್ಲಿ ಎರಡು ಧೂಪದ ಪೀಠ. ಆ ಪೀಠಗಳ ಮೇಲೆ ಕಪ್ಪಗೆ ಉಳಿದಿದ್ದ ಪದಾರ್ಥವನ್ನು ಪರೀಕ್ಷಿಸಿದವರು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡದರ ಮೇಲೆ ಸಾಂಬ್ರಾಣಿ ಜಾತಿಯ ಧೂಪ, ಪ್ರಾಣಿಯ ಕೊಬ್ಬಿನ ಜೊತೆ. ಚಿಕ್ಕದರ ಮೇಲೆ ಗಾಂಜಾ, ಸಗಣಿಯ ಜೊತೆ. ಯೆರೂಸಲೇಮಿನ ಅರಸರ ರಾಜ್ಯದಲ್ಲೇ, ಅವರದೇ ಕೋಟೆಯಲ್ಲಿ, ಯೆರೂಸಲೇಮಿನ ಹೊರಗೆ ಆಲಯ ಇತ್ತು. 'ಒಂದೇ ಸ್ಥಳ' ಅನ್ನುವ ಕಟ್ಟಳೆಯನ್ನು ಅಷ್ಟು ಒತ್ತಿ ಹೇಳಬೇಕಾದದ್ದು ಯಾಕೆ ಅಂತ ಇದರಿಂದ ಹೊಳೆಯುತ್ತದೆ.

ಎಚ್ಚರಿಕೆ: ಅಗೆತ ಬೈಬಲನ್ನು 'ಸಾಬೀತು ಮಾಡಿತು' ಅಥವಾ 'ಸುಳ್ಳು ಮಾಡಿತು' ಅಂತ ಬರುವ ವಾಟ್ಸಾಪ್ ಸಂದೇಶಗಳನ್ನು ಪ್ರಬಂಧಕ್ಕೆ ತರಬೇಡಿ.

8. ಸಿದ್ಧಾಂತ ಕೊನೆಗೆ, ಉಪ್ಪಿನಷ್ಟು

ಧರ್ಮಗಳನ್ನು ಅಧ್ಯಯನ ಮಾಡಿದ ಇಬ್ಬರು ವಿದ್ವಾಂಸರ ಹೆಸರು ನಿಮಗೆ ಎದುರಾಗುತ್ತದೆ. ಮಿರ್ಚಾ ಎಲಿಯಾಡೆ ಪ್ರಕಾರ ಪವಿತ್ರವಾದದ್ದು ತಾನಾಗಿ ಒಂದು ಜಾಗದಲ್ಲಿ ಪ್ರಕಟವಾಗುತ್ತದೆ, ಆ ಜಾಗ ಭೂಮಿ ಆಕಾಶಗಳನ್ನು ಸೇರಿಸುವ ನಡುಗಂಬ ಆಗುತ್ತದೆ. ಜೊನಾಥನ್ ಸ್ಮಿತ್ ಇದನ್ನು ಒಪ್ಪುವುದಿಲ್ಲ. ಜನರ ಆಚರಣೆ, ಅಧಿಕಾರ, ಎಳೆದ ಗೆರೆಗಳೇ ಜಾಗವನ್ನು ಪವಿತ್ರ ಮಾಡುತ್ತವೆ ಅನ್ನುತ್ತಾರೆ. ಆದಿಕಾಂಡ 28ಕ್ಕೆ ಎಲಿಯಾಡೆ ಒಗ್ಗುತ್ತಾರೆ. 1 ಅರಸುಗಳು 12ಕ್ಕೆ ಸ್ಮಿತ್ ಒಗ್ಗುತ್ತಾರೆ. ಒಬ್ಬರನ್ನೇ ಹಿಡಿದು ಇಡೀ ಬೈಬಲ್ ಅಳೆಯಲು ಹೋದರೆ ಅರ್ಧ ಹೊರಗೆ ಉಳಿಯುತ್ತದೆ. ವಚನಗಳನ್ನು ಓದಿ ಮುಗಿಸಿದ ಮೇಲೆಯೇ ಇವರ ಬಳಿಗೆ ಹೋಗಿ.

9. ಹೊಸ ಒಡಂಬಡಿಕೆಯಲ್ಲಿ ಎಳೆ ಎಲ್ಲಿ ಸಿಗುತ್ತದೆ?

ಬೇತೇಲ್ ಅನ್ನುವ ಹೆಸರು ಅಲ್ಲಿ ಇಲ್ಲ. ಆದರೆ ಯೋಹಾನ 1:51 ಓದಿ. ದೇವದೂತರು ಮನುಷ್ಯಕುಮಾರನ ಮೇಲೆ ಹತ್ತುತ್ತಾ ಇಳಿಯುತ್ತಾ ಇರುವುದನ್ನು ನೋಡುವಿರಿ ಅಂತ ಯೇಸು ನತಾನಯೇಲನಿಗೆ ಹೇಳುತ್ತಾನೆ. ಯಾಕೋಬನ ಮೆಟ್ಟಿಲಿದ್ದ ಜಾಗದಲ್ಲಿ ಈಗ ಒಬ್ಬ ವ್ಯಕ್ತಿ ಇದ್ದಾನೆ. ಮುಂದಿನ ಅಧ್ಯಾಯದಲ್ಲಿ ಆಲಯ ಅಂದರೆ ಅವನ ದೇಹ (2:21). ನಾಲ್ಕನೆಯದರಲ್ಲಿ ಸಮಾರ್ಯದ ಹೆಂಗಸು ನೇರವಾಗಿಯೇ ಕೇಳುತ್ತಾಳೆ: ಈ ಬೆಟ್ಟವೋ, ಯೆರೂಸಲೇಮೋ?

ಇಲ್ಲೂ ಪದ ನೋಡಿ. ಗ್ರೀಕಿನಲ್ಲಿ ಹಿಯೆರೋನ್ ಅಂದರೆ ಅಂಗಳವೂ ಸೇರಿ ಇಡೀ ಆವರಣ. ನಾವೋಸ್ ಅಂದರೆ ಒಳಗಿನ ಕಟ್ಟಡ. ವ್ಯಾಪಾರಿಗಳನ್ನು ಓಡಿಸಿದ್ದು ಹಿಯೆರೋನಿನಿಂದ (ಯೋಹಾನ 2:14-15). ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುತ್ತೇನೆ ಅಂದದ್ದು ನಾವೋಸನ್ನು (2:19). ಪೌಲ ಕೊರಿಂಥದವರಿಗೆ 'ನೀವು ದೇವರ ಆಲಯ' ಅಂದಾಗಲೂ ನಾವೋಸ್ (1 ಕೊರಿಂಥ 3:16). ಕನ್ನಡದಲ್ಲಿ ಎರಡಕ್ಕೂ ಸಾಮಾನ್ಯವಾಗಿ 'ದೇವಾಲಯ' ಅಂತಲೇ ಬರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿನ ದೊಡ್ಡ ತಪ್ಪು, ನಾನು ಅತಿ ಹೆಚ್ಚು ಸಲ ತಿದ್ದಿದ ತಪ್ಪು, ಇದು: 'ಹೊಸ ಒಡಂಬಡಿಕೆಯಲ್ಲಿ ಸ್ಥಳಕ್ಕೆ ಬೆಲೆ ಇಲ್ಲ'. ಹಾಗಿದ್ದರೆ ಪೇತ್ರ ಯೋಹಾನರು ಪ್ರಾರ್ಥನೆಯ ಹೊತ್ತಿಗೆ ಆಲಯಕ್ಕೆ ಯಾಕೆ ಹೋಗುತ್ತಿದ್ದರು (ಅಪೊಸ್ತಲರ ಕೃತ್ಯಗಳು 3:1)? ಲೂಕನ ಸುವಾರ್ತೆಯ ಮೊದಲ ದೃಶ್ಯ ಆಲಯದಲ್ಲಿ, ಕೊನೆಯ ವಚನವೂ ಆಲಯದಲ್ಲಿ. ಪ್ರಕಟನೆಯ ಹೊಸ ಯೆರೂಸಲೇಮಿನಲ್ಲಿ ಆಲಯ ಇಲ್ಲ (21:22), ನಿಜ. ಆದರೆ ಅದರ ಅಳತೆ ನೋಡಿ: ಉದ್ದ, ಅಗಲ, ಎತ್ತರ ಮೂರೂ ಸಮ (21:16). ಮಹಾಯಾಜಕ ಒಬ್ಬನೇ ಹೋಗುತ್ತಿದ್ದ ಆ 20 ಮೊಳದ ಕೋಣೆಯ ಆಕಾರ ಊರಿಗೆ ಊರೇ ಆಗಿದೆ.

10. ಬರೆಯುವಾಗ

ಎಲ್ಲ ವಚನಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ 'ಹೀಗಾಗಿ ಬೈಬಲ್ ಹೇಳುವುದು ಇಷ್ಟೇ' ಅಂತ ಮುಗಿಸಬೇಡಿ. ಯಾಕೋಬ, ಅಮಚ್ಯ, ಆಮೋಸ, ಯೋಷೀಯ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಆ ಜಗಳ ನಿಮ್ಮ ಬರಹದಲ್ಲೂ ಕೇಳಿಸಲಿ. ಪ್ರತಿ ಭಾಗಕ್ಕೂ ಒಂದು ಪುಟ, ಪುಟದ ಮೇಲೆ ಹೇಳುವವನ ಹೆಸರು, ಕಾಲ, ಅವನು ಎಳೆದ ಗೆರೆ. ಇಷ್ಟು ಮಾಡಿಕೊಂಡರೆ ಪ್ರಬಂಧ ಅರ್ಧ ಆದಂತೆಯೇ.

ಬೇತೇಲ್ ಮುಗಿದ ಮೇಲೆ ಇನ್ನೊಂದು ಊರು ಬೇಕು ಅನ್ನುವವರಿಗೆ ಗಿಲ್ಗಾಲ್ ಅಥವಾ ಶೀಲೋ ಒಳ್ಳೆಯದು. ಚಿಕ್ಕದು ಸಾಕು ಅನ್ನುವವರು 2 ಅರಸುಗಳು 5:17 ತೆಗೆಯಿರಿ. ಸಿರಿಯದ ಸೇನಾಪತಿ ನಾಮಾನ ಕುಷ್ಠ ವಾಸಿಯಾಗಿ ಊರಿಗೆ ಹೊರಟಿದ್ದಾನೆ. ಎಲೀಷನ ಹತ್ತಿರ ಅವನು ಕೇಳುವುದು ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು, ಇಸ್ರಾಯೇಲಿನ ಮಣ್ಣು. ಯಾಕೆ ಅಂತ ಅವನೇ ಹೇಳುತ್ತಾನೆ. ಎಲೀಷ ಆ ಮಣ್ಣಿನ ಬಗ್ಗೆ ಹೌದು ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. 'ಸಮಾಧಾನದಿಂದ ಹೋಗು' ಅನ್ನುತ್ತಾನೆ. ಅಲ್ಲಿಂದ ಶುರು ಮಾಡಿ.